ಲಕ್ಷ್ಯವಾಗಿ ನಿಂತ ಚಿತ್ರ: ಬಿಂಬಸಂಸ್ಕರಣ ಶಾಸ್ತ್ರದ ಉದಾಹರಣೆಗಳನ್ನು ಕುರಿತು

ಒಂದು ಶಾಸ್ತ್ರದ ಮನೋಧರ್ಮವನ್ನು ಅರಿಯಲು ಅದರ ಸೂತ್ರಗಳಿಗಿಂತ ಅದು ಕೊಡುವ ಉದಾಹರಣೆಗಳನ್ನು ಗಮನಿಸುವುದು ಹೆಚ್ಚು ಫಲಕಾರಿಯೆಂಬುದು ವ್ಯಾಕರಣ ಮತ್ತು ಅಲಂಕಾರ ಗ್ರಂಥಗಳನ್ನು ಓದಿದವರೆಲ್ಲರ ಅನುಭವ. ಸೂತ್ರವನ್ನು ಶಾಸ್ತ್ರಕಾರ ಎಚ್ಚರದಿಂದ ಕಟ್ಟುತ್ತಾನೆ. ಉದಾಹರಣೆಯನ್ನು ಆರಿಸುವಾಗ ಅವನ ಕೈ ತುಸು ಸಡಿಲವಾಗಿರುತ್ತದೆ. ಅವನು ಏನನ್ನು ಓದಿದ್ದ, ಯಾರ ನಡುವೆ ಬದುಕಿದ್ದ, ಯಾವುದನ್ನು ತನ್ನ ಕೇಳುಗರು ಪ್ರಶ್ನಿಸದೆ ಒಪ್ಪುವರೆಂದು ನಂಬಿದ್ದ ಎಂಬುದೆಲ್ಲ ಅಲ್ಲಿ ತಾನಾಗಿ ಹೊರಬೀಳುತ್ತದೆ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ನಮಗೆ ದೊರೆತಿಲ್ಲ. ಅವುಗಳ ಕೆಲವು ಪದ್ಯಗಳಾದರೂ ಉಳಿದಿದ್ದರೆ ಅದು ಲಕ್ಷಣಕಾರರೂ ಸಂಕಲನಕಾರರೂ ಅವನ್ನು ಎತ್ತಿಕೊಂಡದ್ದರಿಂದ. ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕೊಡುವ ಪ್ರಯೋಗಗಳಲ್ಲಿ ಎಷ್ಟಕ್ಕೋ ಕರ್ತೃವಿನ ಹೆಸರಿಲ್ಲ. ಅವುಗಳ ಆಕರವನ್ನು ಹುಡುಕುವುದೇ ನಮ್ಮ ವಿದ್ವಾಂಸರಿಗೆ ಒಂದು ಪ್ರತ್ಯೇಕ ಕೆಲಸವಾಯಿತು.

ಈ ಅಭ್ಯಾಸದ ಕಣ್ಣಿನಿಂದಲೇ ನಮ್ಮ ವಿಭಾಗಕ್ಕೆ ದೂರದ್ದೆಂದು ತೋರುವ ಒಂದು ಶಾಸ್ತ್ರವನ್ನು ಇಲ್ಲಿ ನೋಡಹೊರಟಿದ್ದೇವೆ. ಗಣಕಯಂತ್ರಕ್ಕೆ ಚಿತ್ರವನ್ನು ಉಣಿಸಿ, ಅದನ್ನು ಕುಗ್ಗಿಸುವ, ತಿದ್ದುವ, ಅದರಲ್ಲಿ ಏನಿದೆಯೆಂದು ಗುರುತಿಸುವ ವಿದ್ಯೆ ಅದು. ಬಿಂಬಸಂಸ್ಕರಣವೆಂದೂ ಗಣಕದೃಷ್ಟಿಯೆಂದೂ ಎರಡು ಕವಲುಗಳಾಗಿ ಬೆಳೆದಿದೆ. ಅದರ ಗಣಿತವನ್ನು ವಿಮರ್ಶಿಸುವ ಅಧಿಕಾರ ನಮಗಿಲ್ಲ. ಆದರೆ ಆ ಸಂಶೋಧಕ ಸಮುದಾಯದವರು ಪ್ರಬಂಧದಿಂದ ಪ್ರಬಂಧಕ್ಕೆ, ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಪರಸ್ಪರ ಕೊಟ್ಟು ತೆಗೆದುಕೊಳ್ಳುತ್ತ ಬಂದ ಉದಾಹರಣೆಗಳನ್ನು ಓದುವ ಅಧಿಕಾರ, ಓದನ್ನೇ ಕಸುಬಾಗಿ ಮಾಡಿಕೊಂಡ ನಮಗೆ ಇದೆಯೆಂದು ಭಾವಿಸುತ್ತೇವೆ. ಕನ್ನಡದ ಅಕ್ಷರಗಳೂ ಈಗ ಆ ವಿನಿಮಯದೊಳಗೆ ಸೇರಿರುವುದರಿಂದ ಇದು ಕೇವಲ ಕುತೂಹಲದ ವಿಷಯವಾಗಿಯೂ ಉಳಿದಿಲ್ಲ.

ಆ ಸಮುದಾಯದ ಅತ್ಯಂತ ಪ್ರಸಿದ್ಧ ಉದಾಹರಣೆ ಒಬ್ಬ ಹೆಣ್ಣಿನ ಮುಖ. ೧೯೭೩ರ ಜೂನ್ ಅಥವಾ ಜುಲೈ ತಿಂಗಳು. ಲಾಸ್ ಏಂಜಲೀಸಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ಅಲೆಕ್ಸಾಂಡರ್ ಸಾಚುಕ್ ಎಂಬ ಅಧ್ಯಾಪಕರೂ ಅವರ ಜತೆಗಾರರೂ ಸಹೋದ್ಯೋಗಿಯೊಬ್ಬರ ಪ್ರಬಂಧಕ್ಕೆ ಅವಸರದಲ್ಲಿ ಒಂದು ಚಿತ್ರ ಹುಡುಕುತ್ತಿದ್ದರು. ದೂರದರ್ಶನದ ಮಾನಕಗಳಿಗಾಗಿ ಹಿಂದೆ ಸಿದ್ಧಪಡಿಸಿದ್ದ ಹಳೆಯ ಪರೀಕ್ಷಾಚಿತ್ರಗಳು ಅವರಿಗೆ ಬೇಸರ ತಂದಿದ್ದವು. ಹೊಳಪು ಕಾಗದದ ಮೇಲಿನ, ಮನುಷ್ಯಮುಖವುಳ್ಳ ಚಿತ್ರ ಬೇಕಾಗಿತ್ತು. ಅಷ್ಟರಲ್ಲಿ ಯಾರೋ 'ಪ್ಲೇಬಾಯ್' ಪತ್ರಿಕೆಯ ಸಂಚಿಕೆಯೊಂದನ್ನು ಹಿಡಿದು ಒಳಬಂದರು. ೧೯೭೨ರ ನವೆಂಬರ್ ಸಂಚಿಕೆ ಅದು. ನಡುಪುಟದ ಉದ್ದ ಚಿತ್ರದ ಮೇಲ್ಭಾಗವನ್ನು ಹರಿದು ಮ್ಯೂರ್‌ಹೆಡ್ ಯಂತ್ರದ ಉರುಳೆಗೆ ಸುತ್ತಿದರು. ಯಂತ್ರ ಅಂಗುಲಕ್ಕೆ ೧೦೦ ಗೆರೆಗಳಂತೆ ಓದುತ್ತಿತ್ತು. ಬೇಕಾಗಿದ್ದದ್ದು ೫೧೨ ಗೆರೆ, ೫೧೨ ಬಿಂದುಗಳ ಚೌಕ. ಆದ್ದರಿಂದ ಮೇಲಿನ ೫.೧೨ ಅಂಗುಲವನ್ನು ಮಾತ್ರ ತೆಗೆದುಕೊಂಡರು. ಭುಜದ ಕೆಳಗಿನ ನಗ್ನತೆ ಬಿಟ್ಟುಹೋದದ್ದು ಸಭ್ಯತೆಯ ವಿಚಾರದಿಂದಲ್ಲ, ಈ ಲೆಕ್ಕದಿಂದ. ಮುಂದಿನ ಐದು ದಶಕಗಳ ಕಾಲ ಈ ಚಿತ್ರವನ್ನು ನಿರ್ದೋಷವೆಂದು ಸಮರ್ಥಿಸಿದವರು, 'ಅದರಲ್ಲಿ ಮುಖ ಮತ್ತು ಟೊಪ್ಪಿಗೆಯ ಹೊರತು ಬೇರೇನಿದೆ' ಎಂದಾಗಲೆಲ್ಲ, ತಿಳಿಯದೆಯೇ ಆ ಯಂತ್ರದ ಮಿತಿಯನ್ನು ತಮ್ಮ ವಾದವಾಗಿ ಬಳಸಿಕೊಳ್ಳುತ್ತಿದ್ದರು.

ಚಿತ್ರದಲ್ಲಿರುವಾಕೆ ಸ್ವೀಡನ್ನಿನ ಲೆನಾ ಸೋಡರ್‌ಬರಿ. ಛಾಯಾಗ್ರಾಹಕ ಡ್ವೈಟ್ ಹೂಕರ್. ಈ ಎರಡು ಹೆಸರುಗಳಲ್ಲಿ ಮೊದಲನೆಯದರ ಅರ್ಧ ಮಾತ್ರ ಉಳಿಯಿತು. ಎರಡನೆಯದು ನೂರಾರು ಪ್ರಬಂಧಗಳಲ್ಲಿ ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. 'ಲೆನಾ' ಎಂಬುದು ವ್ಯಕ್ತಿಯ ಹೆಸರಾಗದೆ ಕಡತದ ಹೆಸರಾಯಿತು.

ಚಿತ್ರ ಹೀಗೆ ನೆಲೆನಿಂತದ್ದಕ್ಕೆ ಶಾಸ್ತ್ರೀಯ ಕಾರಣಗಳೂ ಇದ್ದವೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಟೊಪ್ಪಿಗೆಯಿಂದ ಇಳಿಬಿದ್ದ ಗರಿಗಳಲ್ಲಿ ಅತಿಸೂಕ್ಷ್ಮವಾದ ಏರಿಳಿತಗಳಿವೆ. ಭುಜದ ಚರ್ಮ ನಯವಾಗಿ, ಬೆಳಕು ಮೆಲ್ಲಗೆ ಜಾರುವ ಹಾಗಿದೆ. ಹಿನ್ನೆಲೆ ಮಸುಕು, ಕನ್ನಡಿಯ ಅಂಚು ನೇರ ಗೆರೆ. ಚಿತ್ರವನ್ನು ಕುಗ್ಗಿಸುವ ವಿಧಾನವೊಂದು ಗರಿಯನ್ನು ಉಳಿಸಿಕೊಂಡು ಚರ್ಮದ ಮೇಲೆ ಕಲೆ ಮೂಡಿಸಬಹುದು, ಇಲ್ಲವೆ ಚರ್ಮವನ್ನು ನಯವಾಗಿಟ್ಟು ಗರಿಯನ್ನು ಮುದ್ದೆಮಾಡಬಹುದು. ಎರಡೂ ಪರೀಕ್ಷೆಗಳು ಒಂದೇ ಹಾಳೆಯಲ್ಲಿ ಸಿಕ್ಕುತ್ತವೆ. ಮುಖದ ವಿಕಾರವನ್ನಂತೂ ಯಾವ ಅಳತೆಗೋಲೂ ಇಲ್ಲದೆ ನಮ್ಮ ಕಣ್ಣು ಹಿಡಿಯುತ್ತದೆ.

ಇಲ್ಲಿ ಒಂದು ಕಾಲಯೋಗವನ್ನು ಹೇಳದೆ ಮುಂದುವರಿಯಲು ನಮಗೆ ಮನಸ್ಸಾಗುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಎಂಜಿನಿಯರಿಂಗ್ ಓದಿದ ನಾಸಿರ್ ಅಹಮದ್ ಅವರು ಅಮೆರಿಕದ ಕಾನ್ಸಾಸ್ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕರಾಗಿದ್ದಾಗ, ಚಿತ್ರವನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸಿ ಕುಗ್ಗಿಸುವ ವಿಧಾನವೊಂದನ್ನು ಆಲೋಚಿಸಿ ೧೯೭೨ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಧನಸಹಾಯ ಕೋರಿದರು. ವಿಚಾರ ತೀರ ಸರಳವೆಂಬ ಅಭಿಪ್ರಾಯ ಬಂದು ಸಹಾಯ ದೊರೆಯಲಿಲ್ಲ. ೧೯೭೩ರ ಬೇಸಗೆಯಲ್ಲಿ, ಎಂದರೆ ಲೆನಾಳ ಚಿತ್ರ ಉರುಳೆಗೆ ಸುತ್ತಿದ ಅದೇ ಬೇಸಗೆಯಲ್ಲಿ, ಅವರು ಸಹಾಯವಿಲ್ಲದೆಯೇ ಆ ಕೆಲಸ ಮಾಡಿದರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ಪ್ರಬಂಧ ೧೯೭೪ರ ಜನವರಿಯಲ್ಲಿ ಅಚ್ಚಾಯಿತು. ೧೯೯೨ರ ಜೆಪೆಗ್ ಮಾನಕ ನಿಂತಿರುವುದು ಆ ವಿಧಾನದ ಮೇಲೆ. ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮ ಅಲೆಗಳನ್ನು ಒರಟಾಗಿ ಬರೆದುಕೊಳ್ಳುವುದು ಅದರ ಹೃದಯ. ಸೂತ್ರ ಒಂದು ಕಡೆ ಹುಟ್ಟಿತು, ಉದಾಹರಣೆ ಇನ್ನೊಂದು ಕಡೆ. ಆ ಸಮುದಾಯದ ಹೊರಗೆ ಇಂದು ಹೆಚ್ಚು ಜನಕ್ಕೆ ಗೊತ್ತಿರುವುದು ಉದಾಹರಣೆಯೇ; ಸೂತ್ರಕಾರರ ಹೆಸರನ್ನು ಅವರ ಹುಟ್ಟೂರಿನಲ್ಲೇ ವಿಚಾರಿಸಿ ತಿಳಿಯಬೇಕಾಗಿದೆ.

ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ಭಾಷೆಯಲ್ಲಿ ಇರುವುದೆಲ್ಲ ಲಕ್ಷ್ಯ. ಅದನ್ನು ಕಂಡು ಕಟ್ಟಿದ ನಿಯಮ ಲಕ್ಷಣ. ಉದಾಹರಣೆಯೆಂಬುದು ಲಕ್ಷ್ಯದ ಒಂದು ಚೂರು. ಬಿಂಬಸಂಸ್ಕರಣದವರ ವಿನಿಮಯದಲ್ಲಿ ಆದದ್ದೇನೆಂದರೆ ಚೂರೇ ಲಕ್ಷ್ಯದ ಸ್ಥಾನದಲ್ಲಿ ನಿಂತಿತು. ಹೊಸ ವಿಧಾನ ಕಂಡುಹಿಡಿದವರು ಅದನ್ನು ಲೆನಾಳ ಮೇಲೆ ಪ್ರಯೋಗಿಸಿ, ಮೂಲಕ್ಕೂ ಕುಗ್ಗಿಸಿದ ಪ್ರತಿಗೂ ಇರುವ ಅಂತರವನ್ನು ಡೆಸಿಬೆಲ್ಲುಗಳಲ್ಲಿ ಎಣಿಸಿ, ಹಿಂದಿನವರಿಗಿಂತ ಅರ್ಧ ಡೆಸಿಬೆಲ್ ಮುಂದೆ ಬಂದೆವೆಂದು ತೋರಿಸಿದರು. ಹಲವು ವರ್ಷ ಹೀಗೆ ನಡೆದರೆ ವಿಧಾನಗಳು ಜಗತ್ತಿನ ಚಿತ್ರಗಳಿಗಿಂತ ಆ ಒಂದು ಚಿತ್ರಕ್ಕೆ ಹೆಚ್ಚು ಹೊಂದಿಕೊಳ್ಳುವ ಅಪಾಯವಿದೆ. ಒಂದೇ ಕಾವ್ಯವನ್ನು ಓದಿ ವ್ಯಾಕರಣ ಬರೆದಂತೆ. ಇದರ ಮೇಲೆ ಪಾಠಾಂತರದ ತೊಡಕು ಬೇರೆ: ಬಣ್ಣದ ಮೂಲವನ್ನು ಕಪ್ಪುಬಿಳುಪಿಗೆ ಇಳಿಸುವ ಕ್ರಮ ಒಬ್ಬೊಬ್ಬರದು ಒಂದೊಂದಾಗಿ, ಪರಸ್ಪರ ಭಿನ್ನವಾದ ಪ್ರತಿಗಳು ಒಂದೇ ಹೆಸರಿನಲ್ಲಿ ಚಲಾವಣೆಗೆ ಬಂದವು. ಹೋಲಿಕೆಗೆ ಅನುಕೂಲವೆಂದು ಉಳಿಸಿಕೊಂಡ ಚಿತ್ರದಲ್ಲಿಯೇ ಹೋಲಿಕೆ ಕೆಟ್ಟಿತು. ಹಸ್ತಪ್ರತಿಗಳೊಡನೆ ಹೆಣಗಿದ ಯಾರಾದರೂ ಮೊದಲ ದಿನವೇ ಕೇಳಬಹುದಾಗಿದ್ದ ಪ್ರಶ್ನೆ ಅಲ್ಲಿ ಬಹಳ ತಡವಾಗಿ ಕೇಳಿಬಂತು.

ಆದರೆ ನಮ್ಮ ಪರಂಪರೆಯನ್ನು ಎತ್ತರದಲ್ಲಿ ಕೂರಿಸಿ ಈ ಜನರನ್ನು ಹೀಯಾಳಿಸುವುದು ನಮ್ಮ ಉದ್ದೇಶವಲ್ಲ. ಧ್ವನಿಯ ವಿಚಾರ ಬಂದಾಗಲೆಲ್ಲ ಬರುವ ಒಂದು ಪ್ರಾಕೃತ ಗಾಹೆಯನ್ನು ನೆನೆಯಬಹುದು. ಗೋದಾವರಿಯ ದಡದ ಸಂಕೇತಸ್ಥಳಕ್ಕೆ ಹೂವು ಕೊಯ್ಯಲು ಬರುವ ಧಾರ್ಮಿಕನೊಬ್ಬನಿಗೆ ಹೆಣ್ಣೊಬ್ಬಳು, ನಿನ್ನನ್ನು ಕಾಡುತ್ತಿದ್ದ ನಾಯಿಯನ್ನು ಪೊದೆಯಲ್ಲಿರುವ ಸಿಂಹ ಕೊಂದಿತು, ಇನ್ನು ನೀನು ನಿಶ್ಚಿಂತೆಯಿಂದ ತಿರುಗಾಡು ಎಂದು ಹೇಳುತ್ತಾಳೆ. ಮಾತಿನಲ್ಲಿ ವಿಧಿ, ಹೊಳೆಯುವುದು ನಿಷೇಧ. ಆನಂದವರ್ಧನ ಇದನ್ನು ಎತ್ತಿಕೊಂಡ. ಮಹಿಮಭಟ್ಟ ಇದನ್ನೇ ಹಿಡಿದು, ಇಲ್ಲಿರುವುದು ಧ್ವನಿಯಲ್ಲ, ಅನುಮಾನವೆಂದು ವಾದಿಸಿದ. ಮಮ್ಮಟ ಮತ್ತೆ ಅದಕ್ಕೆ ಉತ್ತರ ಕೊಟ್ಟ. ಉದಾಹರಣೆ ಒಂದೇ ಆದರೂ ಪ್ರತಿಯೊಬ್ಬನೂ ಅದನ್ನು ಹೊಸದಾಗಿ ಓದಿ ಜಗಳವಾಡಿದ. ಲೆನಾಳ ಚಿತ್ರವನ್ನು ಸಾವಿರ ಮಂದಿ ಅಳೆದರು, ಓದಿದವರು ಕಡಮೆ. ವ್ಯತ್ಯಾಸ ಅಲ್ಲಿದೆ.

ಆದರೂ ಅಲಂಕಾರ ಗ್ರಂಥಗಳ ಉದಾಹರಣೆಗಳನ್ನೆಲ್ಲ ಒಂದೆಡೆ ಜೋಡಿಸಿದರೆ ಏನು ಕಾಣುತ್ತದೆ? ಹೆಣ್ಣಿನ ಕಣ್ಣು, ಹೆಣ್ಣಿನ ನಡು, ವಿರಹದಲ್ಲಿ ಸೊರಗಿದ ಹೆಣ್ಣಿನ ತೋಳು. ಉಪಮೆಗೂ ಅವಳೇ, ಅತಿಶಯೋಕ್ತಿಗೂ ಅವಳೇ. ಕಲಿಯುವವನೂ ಕಲಿಸುವವನೂ ಗಂಡಸಾಗಿದ್ದ ಪಾಠಶಾಲೆಯಲ್ಲಿ ಯಾರಿಗೂ ಇದು ವಿಶೇಷವೆನಿಸಲಿಲ್ಲ. ಇಂದು ಎಂ.ಎ. ತರಗತಿಯಲ್ಲಿ ಹೆಣ್ಣುಮಕ್ಕಳೂ ಕುಳಿತಿರುವಾಗ ಅವೇ ಪದ್ಯಗಳನ್ನು ವಿವರಿಸಬೇಕಾದ ಅಧ್ಯಾಪಕರಿಗೆ ಆಗುವ ಮುಜುಗರ ನಮಗೆ ಅಪರಿಚಿತವಲ್ಲ. ಗೋದಾವರಿ ತೀರದ ಹೆಣ್ಣು ಕಡೆಗೆ ಮಾತಾಡುತ್ತಾಳಾದರೂ, ತನ್ನ ಉಪಾಯದ ಒಡತಿ ತಾನೇ. ಭುಜದ ಮೇಲಿಂದ ಹಿಂತಿರುಗಿ ನೋಡುವ ಲೆನಾಗೆ ಆ ಅವಕಾಶವೂ ಇರಲಿಲ್ಲ.

ಆ ಸಮುದಾಯದೊಳಗಿನ ಚರ್ಚೆಯೂ ಗಮನಿಸತಕ್ಕದ್ದು. ೧೯೯೧ರ ಜುಲೈಯಲ್ಲಿ 'ಆಪ್ಟಿಕಲ್ ಎಂಜಿನಿಯರಿಂಗ್' ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಬಂದಾಗ ಮೂಲ ಪ್ರಕಾಶಕರು ಹಕ್ಕಿನ ಪ್ರಶ್ನೆ ಎತ್ತಿ, ಮುಂದೆ ಕಂಡೂ ಕಾಣದಂತೆ ಸುಮ್ಮನಾದರು. ೧೯೯೬ರ ಜನವರಿಯಲ್ಲಿ ಐಟ್ರಿಪಲ್‌ಇ ಸಂಸ್ಥೆಯ ಬಿಂಬಸಂಸ್ಕರಣ ಪತ್ರಿಕೆಯ ಸಂಪಾದಕ ಡೇವಿಡ್ ಮನ್ಸನ್ ಈ ಕುರಿತು ಒಂದು ಟಿಪ್ಪಣಿ ಬರೆದರು. ಚಿತ್ರದ ತಾಂತ್ರಿಕ ಗುಣಗಳನ್ನು ಒಪ್ಪಿಕೊಂಡು, ಬಹುಮಟ್ಟಿಗೆ ಗಂಡಸರೇ ಇರುವ ಸಮುದಾಯ ಆಕರ್ಷಕ ಹೆಣ್ಣಿನ ಚಿತ್ರಕ್ಕೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ನಿಷೇಧಕ್ಕೆ ಅವರು ಒಪ್ಪಲಿಲ್ಲ. ಬೇರೆ ಚಿತ್ರದಿಂದ ಕೆಲಸ ನಡೆಯುವಂತಿದ್ದರೆ ಅದನ್ನೇ ಬಳಸಬಾರದೇಕೆ ಎಂದು ಕೇಳಿ ನಿಲ್ಲಿಸಿದರು. ಟಿಪ್ಪಣಿ ಸಜ್ಜನಿಕೆಯದು. ಆದರೆ ಅಭ್ಯಾಸವೇ ನಿಯಮವಾಗಿಬಿಟ್ಟ ಕಡೆ ಸಜ್ಜನಿಕೆಯ ಕೋರಿಕೆಯಿಂದ ಏನೂ ಚಲಿಸುವುದಿಲ್ಲ. ಚಿತ್ರ ಮತ್ತೆ ಎರಡು ದಶಕ ಹಾಗೆಯೇ ಮುಂದುವರಿಯಿತು. ಮರುವರ್ಷ, ೧೯೯೭ರಲ್ಲಿ, ಬಾಸ್ಟನ್ನಿನ ಸಮ್ಮೇಳನವೊಂದಕ್ಕೆ ಲೆನಾ ಅವರನ್ನೇ ಅತಿಥಿಯಾಗಿ ಕರೆಸಲಾಯಿತು. ತಮ್ಮ ಮುಖ ಇಷ್ಟು ಮಂದಿಯ ಜೀವನೋಪಾಯಕ್ಕೆ ಒದಗಿದೆಯೆಂದು ಅವರು ತಿಳಿದದ್ದು ಬಹಳ ತಡವಾಗಿ.

ಡೀನಾ ನೀಡೆಲ್ ಮತ್ತು ರೇಚಲ್ ವಾರ್ಡ್ ಎಂಬ ಇಬ್ಬರು ಗಣಿತಜ್ಞೆಯರು ೨೦೧೩ರಲ್ಲಿ ತಮ್ಮ ಪ್ರಬಂಧವೊಂದಕ್ಕೆ ಫ್ಯಾಬಿಯೊ ಎಂಬ ಪುರುಷ ರೂಪದರ್ಶಿಯ ಚಿತ್ರವನ್ನು, ಅನುಮತಿ ಕೇಳಿ ಪಡೆದು, ಬಳಸಿದರು. ಒಂದು ಸಾಲಿನ ವಾದವನ್ನೂ ಮಂಡಿಸದೆ ಉದಾಹರಣೆಯನ್ನು ಬದಲಿಸಿ ಪ್ರಶ್ನೆ ಕೇಳಿದ ಈ ಕ್ರಮ ನಮಗೆ ಮನ್ಸನ್ನರ ಟಿಪ್ಪಣಿಗಿಂತ ಒಳ್ಳೆಯ ವಿಮರ್ಶೆಯಾಗಿ ಕಾಣುತ್ತದೆ. ೨೦೧೫ರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು, ಗಣಕವಿಜ್ಞಾನದ ತರಗತಿಯಲ್ಲಿ ಈ ಚಿತ್ರ ಎದುರಾದಾಗ ತನಗಾದ ಅನುಭವವನ್ನು ವಾಷಿಂಗ್ಟನ್ನಿನ ಪತ್ರಿಕೆಯಲ್ಲಿ ಬರೆದಳು. ೨೦೧೮ರಲ್ಲಿ 'ನೇಚರ್ ನ್ಯಾನೊಟೆಕ್ನಾಲಜಿ' ಈ ಚಿತ್ರವನ್ನು ಇನ್ನು ಸ್ವೀಕರಿಸುವುದಿಲ್ಲವೆಂದಿತು. ೨೦೧೯ರ ಸಾಕ್ಷ್ಯಚಿತ್ರವೊಂದರಲ್ಲಿ ಲೆನಾ ಅವರೇ, ರೂಪದರ್ಶಿಯ ವೃತ್ತಿಯಿಂದ ಎಂದೋ ನಿವೃತ್ತಳಾದೆ, ಈ ಕ್ಷೇತ್ರದಿಂದಲೂ ನಿವೃತ್ತಿ ಹೊಂದುವ ಕಾಲ ಬಂದಿದೆ ಎಂಬ ಅರ್ಥದ ಮಾತನಾಡಿದರು. ಐಟ್ರಿಪಲ್‌ಇ ಗಣಕ ಸಂಘ ೨೦೨೪ರ ಏಪ್ರಿಲ್ ೧ರಿಂದ ಈ ಚಿತ್ರವುಳ್ಳ ಪ್ರಬಂಧಗಳನ್ನು ತೆಗೆದುಕೊಳ್ಳುತ್ತಿಲ್ಲ. ಉರುಳೆಗೆ ಸುತ್ತಿದ ದಿನದಿಂದ ಲೆಕ್ಕ ಹಾಕಿದರೆ ಐವತ್ತು ವರ್ಷ ಮೀರಿತು.

ಅಷ್ಟರಲ್ಲಿ ಶಾಸ್ತ್ರವೇ ಬದಲಾಗಿತ್ತು. ಒಂದು ಚಿತ್ರವನ್ನು ಕುಗ್ಗಿಸುವುದರಿಂದ ಲಕ್ಷಾಂತರ ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಕಲಿಸುವ ಕಡೆಗೆ ಒಲವು ಹರಿದಿತ್ತು. ವಿನಿಮಯದ ನಾಣ್ಯವಾಗಿ ಈಗ ಚಿತ್ರದ ಬದಲು ಚಿತ್ರಸಮೂಹ ಬಂದಿತು. ಇವುಗಳಲ್ಲಿ ಅತಿ ಹೆಚ್ಚು ಕೈಬದಲಾದದ್ದು ೧೯೯೮ರಿಂದ ಪ್ರಚಾರಕ್ಕೆ ಬಂದ 'ಎಮ್‌ನಿಸ್ಟ್'. ಸೊನ್ನೆಯಿಂದ ಒಂಬತ್ತರವರೆಗಿನ ಕೈಬರಹದ ಅಂಕಿಗಳು. ಒಂದೊಂದೂ ೨೮×೨೮ ಬಿಂದುಗಳ ಚೌಕ. ಕಲಿಸಲು ೬೦,೦೦೦, ಪರೀಕ್ಷಿಸಲು ೧೦,೦೦೦. ಇದರ ಹಿಂದಿನ ಕಥೆ ನಮ್ಮಂಥವರಿಗೆ ಬಹಳ ಬೋಧಪ್ರದ. ಅಮೆರಿಕದ ಮಾನಕ ಸಂಸ್ಥೆಯ ಬಳಿ ಎರಡು ಸಂಗ್ರಹಗಳಿದ್ದವು: ಜನಗಣತಿ ಇಲಾಖೆಯ ನೌಕರರು ಬರೆದದ್ದೊಂದು, ಪ್ರೌಢಶಾಲೆಯ ಹುಡುಗರು ಬರೆದದ್ದೊಂದು. ಮೊದಲು ನೌಕರರ ಬರಹದಿಂದ ಕಲಿಸಿ ಹುಡುಗರ ಬರಹದಲ್ಲಿ ಪರೀಕ್ಷಿಸುವ ಏರ್ಪಾಟಿತ್ತು. ನೌಕರರ ಅಂಕಿಗಳು ದುಂಡಗೆ, ಓದಲು ಸುಲಭವಾಗಿದ್ದವು, ಹುಡುಗರವು ಹಾಗಿರಲಿಲ್ಲ. ಆದ್ದರಿಂದ ಯಾನ್ ಲೆಕುನ್ ಮತ್ತು ಸಂಗಡಿಗರು ಎರಡನ್ನೂ ಸಮಸಮವಾಗಿ ಬೆರೆಸಿ ಹೊಸ ಸಮೂಹ ಮಾಡಿದರು. ಬರೆದವನು ಯಾರೆಂಬುದರ ಮೇಲೆ ಶಾಸ್ತ್ರದ ಫಲಿತಾಂಶವೇ ನಿಂತಿದೆಯೆಂಬುದನ್ನು ಈ ಸಮೂಹ ತನ್ನ ಹುಟ್ಟಿನಲ್ಲೇ ಒಪ್ಪಿಕೊಂಡಿದೆ.

೨೦೧೯ರಲ್ಲಿ ವಿನಯ ಉದಯ ಪ್ರಭು ಅವರು 'ಕನ್ನಡ ಎಮ್‌ನಿಸ್ಟ್' ಸಿದ್ಧಪಡಿಸಿದರು. ಬೆಂಗಳೂರಿನ ಸ್ವಯಂಸೇವಕರು ಚೌಕಗಳ ಹಾಳೆಯಲ್ಲಿ ಕನ್ನಡ ಅಂಕಿಗಳನ್ನು ಬರೆದುಕೊಟ್ಟರು. ಅದೇ ೨೮×೨೮, ಅದೇ ೬೦,೦೦೦ ಮತ್ತು ೧೦,೦೦೦. ಅಚ್ಚು ಅಲ್ಲಿಯದು, ತುಂಬಿದ ದ್ರವ್ಯ ಇಲ್ಲಿಯದು. ಮೂಲ ಸಮೂಹಕ್ಕೆ ಬರೆದ ಯಾವ ಕ್ರಮವಿಧಿಯೂ ಒಂದಕ್ಷರ ಬದಲಾಗದೆ ಇದರ ಮೇಲೂ ಓಡಬೇಕೆಂಬುದೇ ಉದ್ದೇಶವಾಗಿತ್ತಾದ್ದರಿಂದ ಇದನ್ನು ಅನುಕರಣವೆಂದು ತಳ್ಳಿಹಾಕುವುದು ಸಲ್ಲದು. ಅದೇ ವರ್ಷ ಒಂದು ಸ್ಪರ್ಧೆಯ ಮೂಲಕ ಕನ್ನಡದ ಗಂಧವಿಲ್ಲದ ದೂರದೂರದ ತರುಣರೂ ೩ಕ್ಕೂ ೭ಕ್ಕೂ ಇರುವ ಸೂಕ್ಷ್ಮ ಭೇದವನ್ನು ತಮ್ಮ ಯಂತ್ರಗಳಿಗೆ ಕಲಿಸಲು ಹೆಣಗಿದರು. ಇಲ್ಲಿ ನಾವು ಬರೆದಿರುವ ೩, ೭ಗಳನ್ನು ಕನ್ನಡ ರೂಪದಲ್ಲೇ ನೋಡಿದ ಓದುಗರಿಗೆ ಅವರ ಕಷ್ಟ ಅರ್ಥವಾಗುತ್ತದೆ. ೦ ಮತ್ತು ೧ರ ನಡುವೆಯೂ ಒಂದು ಸಣ್ಣ ಬಾಯಿ ತೆರೆದಿರುವುದಷ್ಟೇ ವ್ಯತ್ಯಾಸ.

ಇದೇ ವಿನಯ ಪ್ರಭು ಅವರು ಮರುವರ್ಷ ಅಬೇಬಾ ಬಿರ್ಹಾನೆ ಅವರೊಡನೆ ದೊಡ್ಡ ಚಿತ್ರಸಮೂಹಗಳ ವಿಮರ್ಶೆ ಬರೆದರೆಂಬುದು ಆಕಸ್ಮಿಕವಲ್ಲವೆಂದು ನಮ್ಮ ಎಣಿಕೆ. ಎಂಐಟಿ ಸಂಸ್ಥೆಯ ಎಂಟು ಕೋಟಿ ಪುಟ್ಟ ಚಿತ್ರಗಳ ಸಮೂಹದಲ್ಲಿ ಹೆಂಗಸರನ್ನೂ ಕಪ್ಪು ಜನರನ್ನೂ ಹೀನಾಯವಾಗಿ ಕರೆಯುವ ಪದಗಳು ಚೀಟಿಗಳಾಗಿ ಅಂಟಿದ್ದವು. ಪದಕೋಶವೊಂದರ ನಾಮಪದಗಳನ್ನು ಹಾಗೆಹಾಗೆಯೇ ಎತ್ತಿಕೊಂಡು ಚಿತ್ರ ಹುಡುಕಿದ್ದರ ಫಲ ಅದು. ವಿಮರ್ಶೆ ಹೊರಬಿದ್ದಾಗ, ೨೦೨೦ರ ಜೂನ್ ಕೊನೆಯಲ್ಲಿ, ಆ ಸಂಸ್ಥೆ ಸಮೂಹವನ್ನೇ ಹಿಂತೆಗೆದುಕೊಂಡಿತು. ಲೆನಾಳ ವಿಷಯದಲ್ಲಿ ಐವತ್ತು ವರ್ಷ ಹಿಡಿದದ್ದು ಇಲ್ಲಿ ಹದಿನಾಲ್ಕು ವರ್ಷದಲ್ಲಿ ಆಯಿತು. ತನ್ನ ಕೈಯಾರೆ ಹಾಳೆಗಳನ್ನು ಹಂಚಿ, ಬರೆಸಿ, ಕೂಡಿಸಿದವನಿಗೆ ಮಾತ್ರ ಪ್ರತಿ ಚೌಕದ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆಂಬುದು ಮರೆಯುವುದಿಲ್ಲವೇನೊ.

ಅಂಕಿಗಳಿಗಿಂತ ಅಕ್ಷರಗಳ ಪಾಡು ಇನ್ನೂ ಸಂಕೀರ್ಣ. ಬೆಂಗಳೂರಿನ ಬೀದಿಗಳ ನಾಮಫಲಕಗಳನ್ನು ಛಾಯಾಚಿತ್ರ ತೆಗೆದು ಕನ್ನಡ ಮತ್ತು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿದ ಒಂದು ಸಮೂಹ ೨೦೦೯ರಲ್ಲಿ ಪ್ರಕಟವಾಯಿತು. ಡಿ ಕ್ಯಾಂಪೊಸ್, ಬಾಬು ಮತ್ತು ವರ್ಮ ಅವರ ಕೆಲಸ. ಅದರ ಹೆಸರು 'ಚಾರ್ಸ್ ೭೪ಕೆ'. ಎಪ್ಪತ್ನಾಲ್ಕು ಸಾವಿರವೆಂಬ ಈ ಲೆಕ್ಕ ಹೇಗೆ ಬಂತೆಂದು ನೋಡಿದರೆ ಅದು ಇಂಗ್ಲಿಷ್ ಅಕ್ಷರಗಳ ಲೆಕ್ಕ ಮಾತ್ರ: ಬೀದಿಯಿಂದ ೭,೭೦೫, ಕೈಬರಹದ್ದು ೩,೪೧೦, ಗಣಕದ ಅಚ್ಚಿನಿಂದ ೬೨,೯೯೨. ಕನ್ನಡ ಸಮೂಹದಲ್ಲಿದೆ, ಹೆಸರಿನಲ್ಲಿಲ್ಲ. ಇಂಗ್ಲಿಷಿಗೆ ಅಂಕಿಗಳೂ ಸೇರಿ ೬೨ ವರ್ಗಗಳಾದರೆ ಕನ್ನಡಕ್ಕೆ ಆರುನೂರೈವತ್ತಕ್ಕೂ ಮೇಲೆ ಹೋಯಿತು. ಏಕೆಂದರೆ ಕ, ಕಾ, ಕಿ, ಕೀ ಒಂದೊಂದನ್ನೂ ಪರಸ್ಪರ ಸಂಬಂಧವಿಲ್ಲದ ಬೇರೆಬೇರೆ ವರ್ಗಗಳಾಗಿ ಎಣಿಸಲಾಗಿತ್ತು. ಈ ಲಿಪಿಗೆ ಇದು ತಕ್ಕ ಕ್ರಮವಲ್ಲವೆಂದು ಸಮೂಹದ ಕರ್ತೃಗಳೇ ಒಪ್ಪಿದ್ದಾರೆ. ಒಪ್ಪಿದ್ದು ಅವರ ಪ್ರಾಮಾಣಿಕತೆ. ಆದರೆ ಕಾಗುಣಿತ ಕಲಿತ ಆರು ವರ್ಷದ ಮಗುವಿಗೆ ತಿಳಿದಿರುವ ವ್ಯವಸ್ಥೆ, ಗುಣಿತದ ಚಿಹ್ನೆಯೊಂದು ವ್ಯಂಜನದಿಂದ ವ್ಯಂಜನಕ್ಕೆ ಅದೇ ಕೆಲಸ ಮಾಡುತ್ತದೆಂಬ ತಿಳಿವು, ಆ ವಿಂಗಡಣೆಯಲ್ಲಿ ಕಳೆದುಹೋಗಿದೆ. ಒತ್ತಕ್ಷರ ಸಾಲಿನ ಕೆಳಗೆ ಇಳಿದು ಕೂರುವ ಲಿಪಿಯನ್ನು, ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುವ ಲಿಪಿಯ ಕಣ್ಣಿನಿಂದ ಕತ್ತರಿಸಿದಾಗ ಹೀಗಾಗುವುದು ಸಹಜ. ಇಲ್ಲಿ ವ್ಯಾಕರಣ ಬಲ್ಲವರು ಆ ಪ್ರಯೋಗಶಾಲೆಯ ಬಾಗಿಲು ತಟ್ಟಬೇಕಿತ್ತು, ತಟ್ಟಲಿಲ್ಲ. ತಪ್ಪನ್ನು ಅವರ ಮೇಲೆ ಮಾತ್ರ ಹೊರಿಸಲಾರೆವು.

ಕನ್ನಡ ಎಮ್‌ನಿಸ್ಟ್ ಜತೆಗೆ ಇನ್ನೊಂದು ಚಿಕ್ಕ ಸಮೂಹವೂ ಇದೆ. ಅದರಲ್ಲಿರುವ ಹತ್ತು ಸಾವಿರದಷ್ಟು ಅಂಕಿಗಳನ್ನು ಬರೆದವರು ಕನ್ನಡಿಗರಲ್ಲ. ಹಲವರು ಈ ಲಿಪಿಯನ್ನು ಮೊದಲ ಬಾರಿ ಕಂಡವರು. ಬೆಂಗಳೂರಿನವರ ಬರಹದಿಂದ ಕಲಿತ ಯಂತ್ರ ಇವರ ಬರಹವನ್ನು ಓದುವಾಗ ಹೆಚ್ಚು ತಪ್ಪಿತು. ಒಂದು ಕಡೆ ಭಾಷೆಯವರು, ಇನ್ನೊಂದು ಕಡೆ ಭಾಷೆ ಅರಿಯದವರು ಎಂಬ ಈ ವಿಭಾಗ ಶಾಸ್ತ್ರಕ್ಕೆ ಸಾಕಾಗಬಹುದು. ಹೊರನಾಡಿನಲ್ಲಿ ಕುಳಿತು ಇದನ್ನು ಓದುವ ನಮಗೆ ಸಾಲದು. ದೆಹಲಿ, ಮುಂಬಯಿ, ಪುಣೆಗಳ ಕನ್ನಡ ಮನೆಗಳಲ್ಲಿ ಬೆಳೆದ ಮಕ್ಕಳು ಮಾತು ಬಲ್ಲರು. ಕೆಲವರು ಸಂಘದ ಭಾನುವಾರದ ತರಗತಿಯಲ್ಲಿ ವರ್ಣಮಾಲೆ ತಿದ್ದಿದ್ದಾರೆ. ಅಂಕಿಗಳನ್ನು ಮಾತ್ರ ಯಾರೂ ಕಲಿಸಲಿಲ್ಲ, ಶಾಲೆಯ ಅಂಕಿಗಳೇ ಸಾಕೆಂದು. ಅವರು ಕನ್ನಡದ ೬ ಬರೆದರೆ ಅದು ಎರಡು ಸಮೂಹಗಳಲ್ಲಿ ಯಾವುದಕ್ಕೆ ಸೇರಬೇಕು? ಅವರ ಅಜ್ಜಂದಿರ ಲೆಕ್ಕದ ಪುಸ್ತಕಗಳಲ್ಲಿ ಮಸಿಯಲ್ಲಿ ಓಡುಬರಹವಾಗಿ ಇಳಿದ ಅಂಕಿಗಳು ಎರಡರಲ್ಲಿಯೂ ಇಲ್ಲ. ಕರ್ನಾಟಕದಿಂದ ಹೊರಗೆ ಬಂದ ಸಂಸಾರಗಳ ಪೆಟ್ಟಿಗೆಗಳಲ್ಲಿ ಅಂಥ ಪುಸ್ತಕಗಳು ಇನ್ನೂ ಇವೆ. ಅವುಗಳ ಪುಟಗಳನ್ನು, ಬರೆದವರ ಕಾಲ, ಊರು, ಕಸುಬುಗಳ ವಿವರದೊಡನೆ ಛಾಯಾಪ್ರತಿ ಮಾಡಿಸುವ ಕೆಲಸಕ್ಕೆ ಗಣಿತ ಬೇಕಿಲ್ಲ. ನಮ್ಮಂಥ ವಿಭಾಗವೊಂದರ ಇಬ್ಬರು ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸ ಅದು. ಪುಸ್ತಕ ಇಟ್ಟುಕೊಂಡವರ ಅನುಮತಿಯನ್ನು ಮೊದಲೇ, ಬರವಣಿಗೆಯಲ್ಲಿ, ಪಡೆಯತಕ್ಕದ್ದು.